ನೀಲಿ ಬಕೆಟ್ಟಿನ ದೊಡ್ಡಪತ್ರೆ

ಮಿಗ್ದಾಲಿಯ ಗಿಡ ಸಾಕಲು ಶುರುಮಾಡಿದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ಅದೂ ಮಾಡಲು ಬೇರೆ ಕೆಲಸವಿಲ್ಲದೆ. ಅದಕ್ಕೆ ಮೊದಲು ಇಪ್ಪತ್ತೊಂಬತ್ತು ವರ್ಷ ಅವಳು ಸಾಂತಿಯಾಗೊದ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಾಲರುಗಳಿಗೆ ಇಸ್ತ್ರಿ ಹಾಕಿದ್ದಳು. ತೊಂಬತ್ತಮೂರರ ಫೆಬ್ರವರಿಯಲ್ಲಿ ಕರೆಂಟು ದಿನಕ್ಕೆ ನಾಲ್ಕು ತಾಸಿಗೆ ಇಳಿಯಿತು, ಕಾರ್ಖಾನೆಗೆ ಬೀಗ ಬಿತ್ತು. ಅರ್ಧ ಸಂಬಳ ಕೊಡುತ್ತೇವೆ, ಮನೆಯಲ್ಲೇ ಇರಿ ಎಂದರು. ಹೊರದೇಶದ ನೆರವು ನಿಂತುಹೋಗಿ ಇಡೀ ಕ್ಯೂಬಾದಲ್ಲೇ ಆಗ ಕೊಳ್ಳಲು ಏನೂ ಇರಲಿಲ್ಲ, ಆ ಅರ್ಧ ಸಂಬಳಕ್ಕೂ ಕೆಲಸವಿರಲಿಲ್ಲ.

ಮನೆಯೆಂದರೆ ಕೊಲ್ಲಿಯ ಕಡೆಗೆ ಇಳಿಯುವ ಕಲ್ಲುಮೆಟ್ಟಿಲ ಓಣಿಯಲ್ಲಿ ಎರಡು ಕೋಣೆ, ಮೇಲೊಂದು ಸಿಮೆಂಟಿನ ತಾರಸಿ. ಗಂಡ ತೀರಿಕೊಂಡು ಎಂಟು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಪಡಿತರದ ಕಪ್ಪು ಹುರುಳಿಯನ್ನು ಬರೀ ನೀರಿನಲ್ಲಿ ಬೇಯಿಸಿ ತಿನ್ನುತ್ತಿದ್ದಳು. ಎಣ್ಣೆಯಿಲ್ಲ, ಬೆಳ್ಳುಳ್ಳಿಯಿಲ್ಲ, ಈರುಳ್ಳಿ ಕಂಡು ತಿಂಗಳುಗಳಾಗಿದ್ದವು. ಹೊಟ್ಟೆ ಅರ್ಧ ಖಾಲಿ ಇರುವುದನ್ನಾದರೂ ತಡೆದುಕೊಳ್ಳಬಹುದು, ಬಾಯಿಗೆ ಏನೂ ರುಚಿಯಿಲ್ಲದ್ದು ತಡೆಯಲಾಗದು ಎಂದು ಅವಳು ತಂಗಿ ನುಬಿಯಾಳ ಹತ್ತಿರ ಹೇಳಿಕೊಂಡಿದ್ದಳು. ಒಂದು ಹಿಡಿ ಕಾಡುಕೊತ್ತಂಬರಿ ಬಿದ್ದರೆ ಅದೇ ಹುರುಳಿ ಊಟವಾಗುತ್ತಿತ್ತು.

ಕಾಡುಕೊತ್ತಂಬರಿಯ ಸಸಿ ಕೊಟ್ಟವನು ಓಣಿಯ ಕೆಳತುದಿಯ ಅನ್ಸೆಲ್ಮೊ. ಎಪ್ಪತ್ತೆಂಟು ವರ್ಷದ ಒಂಟಿ ಮುದುಕ, ಆಯುಷ್ಯವೆಲ್ಲ ಕಬ್ಬಿನ ಗದ್ದೆ, ಕಿತ್ತಳೆ ತೋಟಗಳಲ್ಲಿ ಕೂಲಿ ಮಾಡಿದವನು. ಗರಗಸದಂಥ ಅಂಚಿನ ಉದ್ದೆಲೆಯ ಐದು ಸಸಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟ. ಮಿಗ್ದಾಲಿಯ ಅವನ್ನು ಟೊಮ್ಯಾಟೊ ಡಬ್ಬಿಯಲ್ಲಿ ಓಣಿಯ ಮಣ್ಣು ತುಂಬಿ ನೆಟ್ಟಳು, ತಾರಸಿಯ ನಡುಬಿಸಿಲಿನಲ್ಲಿಟ್ಟಳು, ದಿನಕ್ಕೆ ಮೂರು ಸಲ ನೀರು ಹೊಯ್ದಳು. ಹತ್ತನೇ ದಿನಕ್ಕೆ ಐದೂ ಕೊಳೆತು ಮಲಗಿದವು.

ಅನ್ಸೆಲ್ಮೊ ಮೊಣಕಾಲು ಹಿಡಿದುಕೊಂಡು ಮೇಲೆ ಬಂದು ಡಬ್ಬಿ ಎತ್ತಿ ಬುಡ ನೋಡಿದ.

"ತೂತು ಎಲ್ಲಿ ಮಗಳೇ?"

"ಯಾವ ತೂತು ತಾತ?"

"ನಿನ್ನ ತಲೆಗೆ ಬಿದ್ದಿರೋದಲ್ಲ, ಡಬ್ಬಿಗೆ ಬೀಳಬೇಕಾಗಿದ್ದದ್ದು. ಬಾವೀಲಿ ಮುಳುಗಿಸಿ ಕೊಂದಿದ್ದೀಯಲ್ಲ ಇವನ್ನ."

ಅಂದಿನಿಂದ ಮೂರು ವಾರ ಅವನು ಬಯ್ಯುತ್ತ ಬಯ್ಯುತ್ತ ಕಲಿಸಿದ. ಮೊಳೆ ಕಾಯಿಸಿ ಡಬ್ಬಿಯ ತಳಕ್ಕೆ ಐದಾರು ತೂತು ಹಾಕುವುದು, ಅದರ ಮೇಲೆ ಹೆಂಚಿನ ಚೂರು ಹರಡುವುದು. ಓಣಿಯ ಅಂಟುಮಣ್ಣಿಗೆ ಮರಳು ಮತ್ತು ಜರಡಿ ಹಿಡಿದ ಹಳೆ ಕುದುರೆಗೊಬ್ಬರ ಬೆರೆಸಿ, ಹಿಡಿಯಲ್ಲಿ ಅಮುಕಿದರೆ ಉಂಡೆಯಾಗಿ, ಬೆರಳು ತಾಗಿಸಿದರೆ ಉದುರುವ ಹಾಗೆ ಮಾಡುವುದು. ನೀರು ಹಾಕುವ ಮುಂಚೆ ಬೆರಳನ್ನು ಎರಡನೇ ಗೆಣ್ಣಿನವರೆಗೆ ಊರಿ ನೋಡುವುದು, ಒದ್ದೆ ತಾಗಿದರೆ ಸುಮ್ಮನೆ ಹಿಂದಕ್ಕೆ ಬರುವುದು. ಕಾಡುಕೊತ್ತಂಬರಿಗೆ ನೆರಳು, ದೊಡ್ಡಪತ್ರೆಗೆ ಬಿಸಿಲು. ಪುದೀನಕ್ಕೆ ಅದರದೇ ಬೇರೆ ಪಾತ್ರೆ, ಯಾಕೆಂದರೆ ಅದು ಪಕ್ಕದವರನ್ನು ಬದುಕಗೊಡುವುದಿಲ್ಲ. ದೊಡ್ಡಪತ್ರೆಯ ಗೇಣುದ್ದದ ಕಡ್ಡಿ ಮುರಿದು, ಕೆಳಗಿನ ಎಲೆ ತೆಗೆದು ಚುಚ್ಚಿದರೆ ಸಾಕು, ಸತ್ತ ಕೈಯಲ್ಲೂ ಬರುತ್ತದೆ ಎಂದ. ಡಬ್ಬಿಯನ್ನು ಎಲ್ಲಿಂದ ತಂದೆ, ಅದರಲ್ಲಿ ಮೊದಲು ಏನಿತ್ತು ಎಂದು ಪ್ರತಿಯೊಂದಕ್ಕೂ ಕೇಳುತ್ತಿದ್ದ. ಬಣ್ಣದ ಡಬ್ಬಿಯೊಂದನ್ನು ಅವನೇ ಎತ್ತಿ ಕೆಳಗೆ ಎಸೆದಿದ್ದ.

ಏಪ್ರಿಲ್ ಮುಗಿಯುವ ಹೊತ್ತಿಗೆ ತಾರಸಿಯಲ್ಲಿ ಹದಿನೆಂಟು ಡಬ್ಬಿಗಳಿದ್ದವು. ಮೊದಲ ಸಲ ಎಲೆ ಕಿತ್ತ ದಿನ ಮಿಗ್ದಾಲಿಯ ಹುರುಳಿಯ ಪಾತ್ರೆಯ ಮೇಲೆ ಮುಖವಿಟ್ಟು ಆವಿಯನ್ನು ಎಳೆದುಕೊಂಡಳು. ಆಮೇಲೆ ನಿಂತುಕೊಂಡೇ ಪೂರ್ತಿ ತಿಂದಳು. ವಾಸನೆ ಓಣಿಗೆ ಇಳಿಯಿತು. ಸಂಜೆಯೊಳಗೆ ಇಬ್ಬರು ಹೆಂಗಸರು ಖಾಲಿ ಡಬ್ಬಿ ಹಿಡಿದು ಮೆಟ್ಟಿಲಲ್ಲಿ ನಿಂತಿದ್ದರು. ಅವಳನ್ನು ಜೀವನದಲ್ಲಿ ಯಾರೂ ಏನನ್ನೂ ಕಲಿಸಿಕೊಡು ಎಂದು ಕೇಳಿರಲಿಲ್ಲ. ಮೇ ತಿಂಗಳಲ್ಲಿ ಹನ್ನೊಂದು ಮನೆಗಳ ಕಿಟಕಿಯಲ್ಲಿ ಅವಳು ಕೊಟ್ಟ ಕಡ್ಡಿಗಳಿದ್ದವು.

ಓಣಿಯ ನಡುಮನೆಯ ಜೊಯಿಲ ಮಾತ್ರ ಕೇಳಲು ಬರಲಿಲ್ಲ. ಮನೆಯ ಹಿಂದೆ ಹಂದಿ ಸಾಕಿದ, ಓಣಿಯ ಎಲ್ಲ ಕೂಟಕ್ಕೂ ಸೌಟು ಹಿಡಿಯುವ ದೊಡ್ಡ ಗಂಟಲಿನ ಹೆಂಗಸು ಅವಳು. ಇಸ್ತ್ರಿಯವಳು ಕೃಷಿಪಂಡಿತೆ ಆದಳು ಎಂದು ಬಾಗಿಲಲ್ಲಿ ಕೂತು ನಗುತ್ತಿದ್ದಳು.

ಡಬ್ಬಿಗಳ ಬರಗಾಲ ಬಂದದ್ದು ಆಗಲೇ. ಡಬ್ಬಿಯಲ್ಲಿ ಬರುವ ತಿಂಡಿಯೇ ನಿಂತುಹೋದ ಮೇಲೆ ಡಬ್ಬಿ ಎಲ್ಲಿಂದ ಬರಬೇಕು? ದೊಡ್ಡಪತ್ರೆ ಬೇರು ಹೆಣೆದುಕೊಂಡು ಚಿಕ್ಕ ಡಬ್ಬಿಗಳಲ್ಲಿ ಉಸಿರು ಕಟ್ಟಿತ್ತು. ತಂಗಿ ನುಬಿಯಾಳ ಗಂಡ ಇಡಾಲ್ಬರ್ಟೊ ಪಟ್ಟಣದ ಹೊರಗಿನ ಕಿತ್ತಳೆ ತೋಟದಲ್ಲಿ ಕಾವಲುಗಾರ. ಅವನ ಹತ್ತಿರ ಬಾಯಿಬಿಟ್ಟಳು. ಮುಂದಿನ ಭಾನುವಾರ ಅವನು ಸೈಕಲ್ಲಿಗೆ ಏಳು ನೀಲಿ ಪ್ಲಾಸ್ಟಿಕ್ ಬಕೆಟ್ಟುಗಳನ್ನು ಕಟ್ಟಿಕೊಂಡು ಬಂದ. ಗಟ್ಟಿ ಬಕೆಟ್ಟು, ಬಿಗಿ ಮುಚ್ಚಳ, ಚೀಟಿ ಕೆರೆದು ತೆಗೆದ ಗುರುತು. ಉಗ್ರಾಣದ ಹಿಂದೆ ಬಿದ್ದಿದ್ದವು, ಸೋಪಿನ ಪುಡಿ ಬಂದದ್ದಿರಬೇಕು ಎಂದ.

ಮಿಗ್ದಾಲಿಯ ಒಂದರ ಒಳಗೆ ಮೂಗಿಟ್ಟು ನೋಡಿದಳು.

"ಸೋಪು ಅಂತೀಯ, ಬೆಳ್ಳುಳ್ಳಿ ವಾಸನೆ ಬರ್ತಿದೆಯಲ್ಲೋ."

"ಹಸಿದೋರಿಗೆ ಗೋಡೆಯಿಂದ್ಲೂ ಬೆಳ್ಳುಳ್ಳಿ ವಾಸನೆ ಬರುತ್ತೆ ಅತ್ತಿಗೆ. ನಿಂಗೆ ಬಕೆಟ್ಟು ಬೇಕೋ ಬೇಡ್ವೋ?"

ಇಬ್ಬರೂ ನಕ್ಕರು. ಆರು ಬಕೆಟ್ಟುಗಳನ್ನು ಅವಳು ಬೂದಿ ಹಾಕಿ ತಿಕ್ಕಿ ತೊಳೆದು, ಬಿಸಿಲಿಗಿಟ್ಟು, ತೂತು ಹಾಕಿ ದೊಡ್ಡಪತ್ರೆ, ಪುದೀನ ನೆಟ್ಟಳು, ಅವುಗಳಿಂದಲೂ ಓಣಿಯವರಿಗೆ ಕಡ್ಡಿ ಮುರಿದು ಕೊಡುತ್ತ ಬಂದಳು. ಏಳನೆಯದರ ಮುಚ್ಚಳ ಎಷ್ಟು ತಿರುಚಿದರೂ ಬಿಚ್ಚಿಕೊಳ್ಳಲಿಲ್ಲ. ಅದನ್ನು ಬಾಗಿಲ ಹಿಂದೆ ಇಟ್ಟಳು. ಅನ್ಸೆಲ್ಮೊನಿಗೆ ಅಷ್ಟರಲ್ಲಿ ಮೊಣಕಾಲು ಪೂರ್ತಿ ಹಿಡಿದುಕೊಂಡು ತಾರಸಿ ಹತ್ತುವುದು ನಿಂತೇಹೋಗಿತ್ತು. ಬಕೆಟ್ಟು ಸಿಕ್ಕಿದವು ಎಂದಷ್ಟೇ ಅವನಿಗೆ ಹೇಳಿದಳು. ತೊಳೆದೆಯಾ ಎಂದ. ತೊಳೆದೆ ಎಂದಳು.

ಆಗಸ್ಟಿನ ಒಂದು ಶುಕ್ರವಾರ ಓಣಿಯ ಮೇಲ್ತುದಿಯ ಒಡಾಲಿಸ್ ಬಂದಳು. ಇಪ್ಪತ್ತನಾಲ್ಕರ ಹುಡುಗಿ, ಐದು ವರ್ಷದ ಮಗಳು ಯುಸಿಮಿಯನ್ನು ಒಬ್ಬಳೇ ಸಾಕುತ್ತಿದ್ದಳು. ನೀರು ಹೊರುವ ಬಕೆಟ್ಟು ಒಡೆದಿದೆ, ಯಾವುದಾದರೂ ಇದ್ದರೆ ಕೊಡು ಎಂದಳು. ಮಿಗ್ದಾಲಿಯ ಬಾಗಿಲ ಹಿಂದಿನ ಬಕೆಟ್ಟನ್ನು ತೋರಿಸಿದಳು. ಮುಚ್ಚಳ ತೆಗೆಯುವ ಶಕ್ತಿಯಿದ್ದರೆ ಒಯ್ಯಿ, ಸೋಪಿನ ಪುಡಿಯ ಬಕೆಟ್ಟು, ತೊಳೆದುಕೊಂಡು ಬಳಸು ಎಂದಳು. ಒಡಾಲಿಸ್ ಅವಳ ಕೆನ್ನೆಗೆ ಮುತ್ತಿಟ್ಟು ಹೋದಳು.

ಆ ಭಾನುವಾರ ಓಣಿಯಲ್ಲಿ ಎಲ್ಲರೂ ಸೇರಿ ಸಾರು ಕಾಯಿಸುವುದು ಎಂದು ಜೊಯಿಲ ಗೊತ್ತುಮಾಡಿದ್ದಳು. ಎರಡು ವರ್ಷದಿಂದ ನಿಂತಿದ್ದ ಕೂಟ. ಒಬ್ಬರು ಬಾಳೆಕಾಯಿ, ಒಬ್ಬರು ಮರಗೆಣಸು, ಒಬ್ಬರು ಎರಡು ಕೆಸುವಿನ ಗೆಡ್ಡೆ, ಒಬ್ಬರು ಸೌದೆ. ಜೊಯಿಲ ತನ್ನ ಹಂದಿಯನ್ನು ಕಡಿದು ತಲೆಯನ್ನು ಪೂರ್ತಿ ಕೊಟ್ಟಳು. ಆ ದಿನಗಳಲ್ಲಿ ಹಂದಿಯ ತಲೆ ಕೊಡುವುದೆಂದರೆ ಸಣ್ಣ ಮಾತಲ್ಲ. ಸೊಪ್ಪು ಮಾತ್ರ ಮಿಗ್ದಾಲಿಯಳದು. ಬೆಳಿಗ್ಗೆ ಒಂಬತ್ತಕ್ಕೆ ಅವಳು ತಾರಸಿಯಿಂದ ಮಡಿಲು ತುಂಬ ಕಿತ್ತು ತಂದಳು. ಕಾಡುಕೊತ್ತಂಬರಿ ಡಬ್ಬಿಗಳದು, ದೊಡ್ಡಪತ್ರೆ, ಪುದೀನ ನೀಲಿ ಬಕೆಟ್ಟುಗಳದು. ಜೊಯಿಲ ಅವನ್ನು ಕೈಯಲ್ಲಿ ಹಿಸುಕಿ ಮೂಸಿ, ಮೊದಲ ಸಲ, ಚೆನ್ನಾಗಿದೆ ಎಂದಳು. ಕಬ್ಬಿಣದ ಪೀಪಾಯಿಯನ್ನು ಅರ್ಧಕ್ಕೆ ಕೊಯ್ದು ಮಾಡಿದ ಹಂಡೆ ಮೂರು ಕಲ್ಲುಗಳ ಮೇಲೆ ಕುದಿಯುತ್ತಿತ್ತು. ಸೊಪ್ಪು ಅದಕ್ಕೆ ಬಿತ್ತು.

ಹನ್ನೊಂದೂವರೆಗೆ ಮಿಗ್ದಾಲಿಯ ತಟ್ಟೆ ತರಲು ಮನೆಗೆ ಬಂದಾಗ ಇಡಾಲ್ಬರ್ಟೊ ಅಡುಗೆಮನೆಯಲ್ಲಿ ನಿಂತಿದ್ದ. ಅಂಗಿ ಬೆವರಿನಿಂದ ಮೈಗಂಟಿತ್ತು. ತೋಟದಿಂದ ಇಪ್ಪತ್ತು ಕಿಲೋಮೀಟರು ಸೈಕಲ್ ತುಳಿದುಕೊಂಡು ಬಂದಿದ್ದ.

"ಆ ಬಕೆಟ್ಟು ಎಲ್ಲಿವೆ?"

"ತಾರಸಿ ಮೇಲೆ. ಯಾಕೆ?"

ಅವನು ಬಾಗಿಲು ಹಾಕಿದ. ನಿನ್ನೆ ತೋಟಕ್ಕೆ ತನಿಖೆಯವರು ಬಂದಿದ್ದರು ಎಂದ. ಉಗ್ರಾಣದಲ್ಲಿ ಬಕೆಟ್ಟುಗಳ ಲೆಕ್ಕ ಸಿಗುತ್ತಿಲ್ಲ. ಅವು ಸೋಪಿನವಲ್ಲ. ಕಿತ್ತಳೆ ಗಿಡದ ಹೇನಿಗೆ ಹೊಡೆಯುವ ವಿಷದ ಪುಡಿ ಬಂದವು. ಹೂತುಹಾಕಬೇಕೆಂದು ಬೇರೆ ಇಟ್ಟಿದ್ದರು. ಅವನಿಗೆ ಗೊತ್ತಿರಲಿಲ್ಲ. ತಾಯಾಣೆ, ಗೊತ್ತಿರಲಿಲ್ಲ.

"ಮಣ್ಣು ಸುರಿದುಬಿಡು, ಬಕೆಟ್ಟು ಚೂರುಮಾಡಿ ಚೀಲಕ್ಕೆ ತುಂಬಿ ಕೊಡು, ನಾನು ಸಮುದ್ರಕ್ಕೆ ಹಾಕಿ ಬರ್ತೀನಿ. ಯಾರ ಹತ್ರಾನೂ ಉಸಿರು ಬಿಡಬೇಡ. ಸರ್ಕಾರದ ಮಾಲು ಕದ್ದ ಅಂತ ನನ್ನ ಒಳಗೆ ಹಾಕ್ತಾರೆ ಅತ್ತಿಗೆ. ನುಬಿಯಾ ಗತಿ ಏನು?"

ಮಿಗ್ದಾಲಿಯ ಅವನ ಮುಖವನ್ನೇ ನೋಡಿದಳು. ಕೆಳಗಿನಿಂದ ಜೊಯಿಲಳ ಗಂಟಲು ಕೇಳುತ್ತಿತ್ತು, ಮಕ್ಕಳು ಮೊದಲು, ಮುದುಕರು ಆಮೇಲೆ, ಹೊಟ್ಟೆಬಾಕ ಗಂಡಸರು ಕೊನೆಗೆ ಎಂದು ಸಾಲು ನಿಲ್ಲಿಸುತ್ತಿದ್ದಳು. ಸೊಪ್ಪಿನ ಘಮ ಕಿಟಕಿಯಲ್ಲಿ ಒಳಗೆ ಬರುತ್ತಿತ್ತು. ಮಿಗ್ದಾಲಿಯಳಿಗೆ ಕೈಯಲ್ಲಿದ್ದ ತಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ತಾನು ಹೇಳದಿದ್ದರೆ ಏನೂ ಆಗದೇ ಇರಬಹುದು. ತೊಳೆದಿದ್ದಳು, ಮೂರು ತಿಂಗಳಿಂದ ಅವಳೇ ಅವೇ ಎಲೆ ತಿಂದಿದ್ದಳು, ಬದುಕಿದ್ದಳು. ಈ ಲೆಕ್ಕ ಅವಳ ತಲೆಯಲ್ಲಿ ಒಂದು ಕ್ಷಣ ಓಡಿತು. ಮುಂದೆ ಎಷ್ಟೋ ವರ್ಷ ಅವಳಿಗೆ ಆ ಒಂದು ಕ್ಷಣದ ಬಗ್ಗೆ ನಾಚಿಕೆಯಾಗುತ್ತಿತ್ತು.

ತಟ್ಟೆಯನ್ನು ನೆಲದ ಮೇಲಿಟ್ಟು ಕೆಳಗೆ ಓಡಿದಳು. ಇಡಾಲ್ಬರ್ಟೊ ಹಿಂದೆಯೇ ಬಂದ, ತೋಳು ಹಿಡಿದ, ಅವಳು ಕೊಡವಿದಳು.

ಹಂಡೆಯ ಸುತ್ತ ನಲವತ್ತು ಜನರಾದರೂ ಇದ್ದರು. ಮುಂದೆ ಮಕ್ಕಳು, ಕೈಯಲ್ಲಿ ಚಮಚ. ಜೊಯಿಲ ಮೊದಲ ತಟ್ಟೆಗೆ ಸೌಟು ಎತ್ತಿದ್ದಳು.

"ಬಡಿಸಬೇಡ ಜೊಯಿಲ," ಎಂದಳು ಮಿಗ್ದಾಲಿಯ. ಏದುಸಿರಿನಲ್ಲಿ ಮಾತು ಸಣ್ಣಗೆ ಬಂತು. "ಸೊಪ್ಪು ಸರಿ ಇಲ್ಲ. ನನ್ನ ಬಕೆಟ್ಟಲ್ಲಿ ವಿಷ ಇತ್ತಂತೆ."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಇನ್ನೊಂದು ಸಲ ಹೇಳಿದಳು. ಆಗ ಯಾರೋ ನಕ್ಕರು, ಯಾರೋ ಬೈದರು. ಬಂದರಿನಲ್ಲಿ ಕೂಲಿ ಮಾಡುವ ತೆಲ್ಮೊ ಎಂಬವನು, ಎರಡು ಗಂಟೆ ಕುದಿದಿದೆ, ಯಾವ ವಿಷ ಉಳಿದೀತು ಎಂದ. ಕುದಿಸಿದರೆ ಹೋಗುತ್ತದೆ ಎಂದು ಇನ್ನಿಬ್ಬರು ಸೇರಿಸಿದರು. ಯಾವ ವಿಷ, ಯಾರು ಹೇಳಿದರು ಎಂದು ಒಬ್ಬಳು ಕೇಳಿದಳು. ಎಲ್ಲರ ಕಣ್ಣೂ ಮಿಗ್ದಾಲಿಯಳ ಹಿಂದೆ ನಿಂತಿದ್ದ ಇಡಾಲ್ಬರ್ಟೊನ ಮೇಲೆ ಹೋಯಿತು. ಅವನು ನೆಲ ನೋಡುತ್ತಿದ್ದ.

ಅನ್ಸೆಲ್ಮೊ ಕುರ್ಚಿಯಲ್ಲಿ ಕೂತಿದ್ದವನು ಕೋಲೂರಿ ಎದ್ದ. ಬಕೆಟ್ಟು ಮೂಸಿದ್ದೆಯಾ ಎಂದು ಮಿಗ್ದಾಲಿಯಳನ್ನು ಕೇಳಿದ. ಮೂಸಿದ್ದೆ, ಬೆಳ್ಳುಳ್ಳಿಯ ಹಾಗಿತ್ತು ಎಂದಳು.

ಮುದುಕನ ಮುಖ ಇಳಿದುಹೋಯಿತು. "ತೋಟದಲ್ಲಿ ನನ್ನ ಜೊತೆ ಔಷಧಿ ಹೊಡೀತಿದ್ದ ಇಬ್ಬರು ಆ ವಾಸನೆಯಲ್ಲೇ ಹೋದ್ರು," ಎಂದ. "ನನಗೆ ಈ ಸಾರು ಬೇಡ."

"ನಿಮಗೆ ಬೇಡದಿದ್ರೆ ಬಿಡಿ," ಎಂದು ತೆಲ್ಮೊ ತಟ್ಟೆ ಮುಂದೆ ಚಾಚಿದ. "ನಾನು ಮೂರು ದಿನದಿಂದ ಸಕ್ಕರೆ ನೀರು ಕುಡಿದು ಕೆಲಸ ಮಾಡ್ತಿದೀನಿ. ಸಾಯೋದೇ ಆದ್ರೆ ಹೊಟ್ಟೆ ತುಂಬಿ ಸಾಯ್ತೀನಿ. ಹಾಕು ಜೊಯಿಲ."

ಅವನ ಹಿಂದೆ ಇನ್ನೂ ನಾಲ್ಕು ತಟ್ಟೆ ಚಾಚಿದವು. ಮಕ್ಕಳಲ್ಲಿ ಒಬ್ಬಳು ಅಳತೊಡಗಿದಳು. ಮಿಗ್ದಾಲಿಯ ಸೌದೆಯ ರಾಶಿಯಿಂದ ಒಂದು ಉದ್ದನೆಯ ತೊಲೆ ಎಳೆದು ಹಂಡೆಯ ಅಡಿಗೆ ತೂರಿಸಿದಳು. ಮೈಭಾರವನ್ನೆಲ್ಲ ಹಾಕಿದಳು. ಹಂಡೆ ಒಂದಿಷ್ಟು ಅಲ್ಲಾಡಿ ಮತ್ತೆ ಕಲ್ಲಿನ ಮೇಲೆ ಕೂತಿತು. ಸಾರು ತುಳುಕಿ ಅವಳ ಕಾಲಿನ ಮೇಲೆ ಬಿತ್ತು. ಕಾಲು ತೆಗೆಯಲಿಲ್ಲ. ತೆಲ್ಮೊ ಬಂದು ತೊಲೆಯನ್ನು ಕಿತ್ತುಕೊಳ್ಳಲು ಕೈಹಾಕಿದ.

ಜೊಯಿಲ ಸೌಟು ಕೆಳಗಿಟ್ಟಳು. ಹಂಡೆಯೊಳಗೆ ತೇಲುತ್ತಿದ್ದ ಹಂದಿತಲೆಯನ್ನು ಒಮ್ಮೆ ನೋಡಿದಳು. ಆಮೇಲೆ ತೆಲ್ಮೊನನ್ನು ಭುಜದಿಂದ ಪಕ್ಕಕ್ಕೆ ತಳ್ಳಿ, ಮಿಗ್ದಾಲಿಯಳ ಕೈಯ ಪಕ್ಕದಲ್ಲೇ ತೊಲೆಗೆ ಕೈಯಿಟ್ಟಳು.

"ಒತ್ತು," ಎಂದಳು.

ಹಂಡೆ ಉರುಳಿತು. ಬಾಳೆಕಾಯಿ, ಗೆಣಸು, ಗೆಡ್ಡೆ, ಎಲ್ಲರೂ ಉಳಿಸಿ ಉಳಿಸಿ ತಂದದ್ದೆಲ್ಲ ಮೆಟ್ಟಿಲಿನಿಂದ ಮೆಟ್ಟಿಲಿಗೆ ಹರಿದುಹೋಯಿತು. ನಾಯಿಗಳು ಬಂದವು, ಜೊಯಿಲ ಉರಿಯುವ ಕೊಳ್ಳಿ ಹಿಡಿದು ಅಟ್ಟಿದಳು. ಹೆಂಗಸೊಬ್ಬಳು ಮಿಗ್ದಾಲಿಯಳ ಎದುರಿಗೆ ಬಂದು ನಿಂತು, ನಮ್ಮ ಮಕ್ಕಳ ಬಾಯಿಂದ ಕಿತ್ಕೊಂಡೆಯಲ್ಲ ಎಂದಳು. ಅವಳ ಕಿಟಕಿಯಲ್ಲೇ ಮಿಗ್ದಾಲಿಯ ಕೊಟ್ಟ ಮೂರು ಡಬ್ಬಿಗಳಿದ್ದವು.

ಮಿಗ್ದಾಲಿಯಳಿಗೆ ಆ ಮಾತು ಸರಿಯಾಗಿ ಕೇಳಿಸಲಿಲ್ಲ. ಅವಳು ಸಾಲಿನಲ್ಲಿದ್ದ ಮಕ್ಕಳನ್ನು ಒಂದೊಂದಾಗಿ ನೋಡುತ್ತಿದ್ದಳು. ಯುಸಿಮಿ ಇರಲಿಲ್ಲ. ಒಡಾಲಿಸಳೂ ಇರಲಿಲ್ಲ. ಏಳನೇ ಬಕೆಟ್ಟು.

ಎಂಬತ್ತಮೂರು ಮೆಟ್ಟಿಲು. ಸುಟ್ಟ ಕಾಲಿನಲ್ಲಿ ಅವಳು ಹೇಗೆ ಹತ್ತಿದಳೋ ಅವಳಿಗೇ ಗೊತ್ತಿಲ್ಲ. ಒಡಾಲಿಸಳ ಬಾಗಿಲು ತೆರೆದೇ ಇತ್ತು. ಅವಳು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಗಾಳಿ ಬೀಸುತ್ತಿದ್ದಳು. ಬೆಳಿಗ್ಗೆಯಿಂದ ವಾಂತಿ, ಏನೋ ತಿಂದಿರಬೇಕು, ಸಾರು ಆದ ಮೇಲೆ ವೈದ್ಯರ ಹತ್ತಿರ ಹೋಗೋಣ ಅಂತಿದ್ದೆ ಎಂದಳು. ಮಗುವಿನ ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಕಣ್ಣಲ್ಲಿ ನೀರು, ಮೈಯೆಲ್ಲ ಬೆವರು. ಉಸಿರು ಗೊರಗೊರ ಎನ್ನುತ್ತಿತ್ತು. ಕೂದಲು ಇನ್ನೂ ಒದ್ದೆಯಾಗಿತ್ತು. ಮಿಗ್ದಾಲಿಯ ಬಗ್ಗಿದಳು. ಮಗುವಿನ ನೆತ್ತಿಯಿಂದ ಬೆಳ್ಳುಳ್ಳಿಯ ವಾಸನೆ ಬಂತು.

"ತಲೆಗೆ ಏನು ಹಾಕಿದೆ?"

"ಸೋಪು," ಎಂದಳು ಒಡಾಲಿಸ್. "ನೀ ಕೊಟ್ಟ ಬಕೆಟ್ಟಿನ ತಳದಲ್ಲಿ ಪುಡಿ ಗಟ್ಟಿಯಾಗಿತ್ತಲ್ಲ. ಎಷ್ಟು ದಿನ ಆಗಿತ್ತು ಸೋಪು ನೋಡಿ. ಕೂಟಕ್ಕೆ ಹೋಗೋದಲ್ವಾ ಅಂತ ಚೆನ್ನಾಗಿ ತಿಕ್ಕಿದೆ. ನೊರೆ ಮಾತ್ರ ಬರಲಿಲ್ಲ."

ಮಿಗ್ದಾಲಿಯ ಮಗುವಿನ ಬಟ್ಟೆ ಕಿತ್ತು ಹಾಕಿದಳು. ಮೂಲೆಯ ಹಂಡೆಯಲ್ಲಿ ಆ ಬಕೆಟ್ಟು ಬರುವ ಮೊದಲೇ ತುಂಬಿಟ್ಟ ನೀರು ಇತ್ತು, ಅದನ್ನೆಲ್ಲ ನೆತ್ತಿಯ ಮೇಲೆ ಸುರಿದು ತೊಳೆದಳು. ಒಡಾಲಿಸಳಿಗೆ ಕೈ ತೊಳೆದುಕೊ ಎಂದಳು. ಆಮೇಲೆ ಬರಿಮೈ ಮಗುವನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದಳು. ಓಣಿಯಲ್ಲಿ ಕಾರಿರಲಿಲ್ಲ, ಕಾರಿದ್ದವರ ಹತ್ತಿರ ಪೆಟ್ರೋಲಿರಲಿಲ್ಲ. ಇದ್ದದ್ದು ಇಡಾಲ್ಬರ್ಟೊನ ಸೈಕಲ್.

ಅವನು ಅದನ್ನು ಹಿಡಿದುಕೊಂಡೇ ಓಣಿಯ ಬುಡದಲ್ಲಿ ನಿಂತಿದ್ದ, ಹೊರಡಲು. ಮಿಗ್ದಾಲಿಯ ಮಗುವನ್ನು ಅವನ ಎದೆಗೆ ಒತ್ತಿದಳು.

"ಆಸ್ಪತ್ರೆಗೆ ಹೋಗು. ಆ ಪುಡಿ ಹೆಸರೇನು ಅಂತ ಡಾಕ್ಟರ ಹತ್ರ ಹೇಳು."

"ಹೆಸರು ಹೇಳಿದ್ರೆ ಎಲ್ಲಿಂದ ಬಂತು ಅಂತ ಕೇಳ್ತಾರೆ."

"ಹೌದು, ಕೇಳ್ತಾರೆ."

ಅವನು ಮಗುವಿನ ಮುಖ ನೋಡಿದ. ತುಟಿ ನೀಲಿಗಟ್ಟಿತ್ತು. ಮಗುವನ್ನು ಮುಂದಿನ ಸರಳಿನ ಮೇಲೆ ಕೂರಿಸಿ, ತನ್ನ ಅಂಗಿ ಬಿಚ್ಚಿ ಅದರಿಂದ ಅವಳನ್ನು ತನ್ನ ಹೊಟ್ಟೆಗೆ ಬಿಗಿದು ಕಟ್ಟಿಕೊಂಡ. ಬೆನ್ನಿಗೇ ಓಡಿಬಂದಿದ್ದ ಒಡಾಲಿಸ್ ಹಿಂದೆ ಹತ್ತಿದಳು. ಹೊರಟುಬಿಟ್ಟ.

ಮುಂದಿನದನ್ನು ಒಡಾಲಿಸ್ ಆಮೇಲೆ ಹೇಳಿದ್ದು. ದಾರಿಯಲ್ಲಿ ಎರಡು ಸಲ ಮಗು ಉಸಿರು ನಿಲ್ಲಿಸಿದಂತಾಯಿತು. ಎರಡು ಸಲವೂ ಇಡಾಲ್ಬರ್ಟೊ ಸೈಕಲ್ ಬಿಸಾಕಿ ಮಗುವನ್ನು ಬೋರಲು ಹಿಡಿದು ಬೆನ್ನಿಗೆ ಬಡಿದ. ಆಸ್ಪತ್ರೆಯ ಮೆಟ್ಟಿಲಲ್ಲಿ ಎದುರಾದ ಡಾಕ್ಟರು ಮಗುವಿನ ಕಣ್ಣಿಗೆ ಟಾರ್ಚು ಬಿಟ್ಟರು. ಪಾಪೆ ಸೂಜಿಮೊನೆಯಷ್ಟಾಗಿತ್ತು. ಇದು ಔಷಧಿ ಹೊಡೆಯುವ ವಿಷ, ಯಾವುದು ಎಂದು ಕೇಳಿದರು. ಒಡಾಲಿಸ್ ಇಡಾಲ್ಬರ್ಟೊನ ಕಡೆ ನೋಡಿದಳು. ಅವನು ಬಾಗಿಲ ಹತ್ತಿರ ನಿಂತಿದ್ದ, ಓಡಿಹೋಗಬಹುದಿತ್ತು.

"ಪ್ಯಾರಾಥಿಯಾನ್," ಎಂದ. "ಬಕೆಟ್ಟು ತಂದೋನು ನಾನೇ."

ಡಾಕ್ಟರು ಮಗುವನ್ನು ಎತ್ತಿಕೊಂಡು ಒಳಗೆ ಓಡಿದರು. ಇಡೀ ಮಧ್ಯಾಹ್ನ ವಿಷ ಇಳಿಸುವ ಸೂಜಿಯ ಮೇಲೆ ಸೂಜಿ, ಜೊಲ್ಲು ನಿಂತು ಮಗುವಿನ ಬಾಯಿ ಒಣಗುವವರೆಗೂ ಕೊಟ್ಟರು.

ಮಿಗ್ದಾಲಿಯ ಆಸ್ಪತ್ರೆಗೆ ಹೋಗಲಿಲ್ಲ. ಅವಳಿಗೆ ಇನ್ನೂ ಹನ್ನೊಂದು ಮನೆಗಳಿದ್ದವು. ಕುಂಟುತ್ತ ಬಾಗಿಲಿಂದ ಬಾಗಿಲಿಗೆ ಹೋಗಿ ನೀಲಿ ಬಕೆಟ್ಟಿನಿಂದ ಮುರಿದುಕೊಟ್ಟ ಕಡ್ಡಿ ಯಾವುದು ಎಂದು ಗುರುತಿಸಿ ಕಿತ್ತಳು. ಇಬ್ಬರು ಬಾಗಿಲು ತೆಗೆಯಲಿಲ್ಲ. ಆಗ ಹೊರಗೆ ನಿಂತು ಜೊಯಿಲ ಕೂಗಿದಳು, ತೆಗೆದರು. ಜೊಯಿಲ ಆ ದಿನವೆಲ್ಲ ಅವಳ ಹಿಂದೆಯೇ ಇದ್ದಳು. ಕಿತ್ತದ್ದನ್ನೆಲ್ಲ ಮಿಗ್ದಾಲಿಯ ಒಂದು ಗೋಣಿಗೆ ತುಂಬಿ, ಒಡಾಲಿಸಳ ಮನೆಯದೂ ಸೇರಿ ಏಳೂ ಬಕೆಟ್ಟುಗಳನ್ನು ಮಣ್ಣಿನ ಸಮೇತ ತಾರಸಿಯ ಒಂದು ಮೂಲೆಗೆ ಸೇರಿಸಿ, ಮೇಲೆ ತಗಡು ಮುಚ್ಚಿದಳು. ನಾಲ್ಕು ಗಂಟೆಗೆ ಓಣಿಯ ಬುಡದಲ್ಲಿ ಯಾರೋ ಮಗು ಉಸಿರಾಡುತ್ತಿದೆ ಎಂದು ಸುದ್ದಿ ತಂದರು. ಅಲ್ಲಿಯವರೆಗೆ ನಿಂತೇ ಇದ್ದ ಮಿಗ್ದಾಲಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಕಾಲಿನಲ್ಲಿ ಬೊಬ್ಬೆ ಎದ್ದಿರುವುದು ಅವಳಿಗೆ ಆಗಲೇ ಕಂಡದ್ದು.

ಯುಸಿಮಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು. ಕೆಲವು ತಿಂಗಳು ಕೈ ನಡುಗುತ್ತಿತ್ತು, ಆಮೇಲೆ ಅದೂ ನಿಂತಿತು. ಆರೋಗ್ಯ ಇಲಾಖೆಯವರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಂದು ಬಕೆಟ್ಟುಗಳನ್ನು ಒಯ್ದರು. ಸಾರಿನಲ್ಲಿ ವಿಷ ಎಷ್ಟಿತ್ತು, ಇತ್ತೇ ಇಲ್ಲವೇ ಎಂದು ಮಿಗ್ದಾಲಿಯ ಎರಡು ಸಲ ಕಚೇರಿಗೆ ಹೋಗಿ ಕೇಳಿದಳು. ಹೇಳಿ ಕಳಿಸುತ್ತೇವೆ ಎಂದರು. ಯಾರೂ ಹೇಳಿ ಕಳಿಸಲಿಲ್ಲ. ತೆಲ್ಮೊ ಮಾತ್ರ ಎದುರಾದಾಗಲೆಲ್ಲ, ಆ ಹಂಡೆ ಸಾರು ನನ್ನ ಕನಸಿಗೆ ಬರುತ್ತೆ ಕಣೇ ಎಂದು ಹಲ್ಲು ಕಡಿಯುತ್ತಿದ್ದ.

ಇಡಾಲ್ಬರ್ಟೊನಿಗೆ ಹತ್ತು ತಿಂಗಳು ಜೈಲಾಯಿತು. ತಾನಾಗಿ ಹೇಳಿದ್ದಕ್ಕೆ ಕಡಿಮೆ ಮಾಡಿದರಂತೆ. ನುಬಿಯಾ ಅಕ್ಕನ ಮನೆಗೆ ಬರುವುದು ಬಿಟ್ಟಳು. ನೀನು ಬಕೆಟ್ಟು ಕೇಳದಿದ್ದರೆ ಅವನು ತರುತ್ತಿರಲಿಲ್ಲ ಎಂದು ಹೇಳಿಕಳಿಸಿದಳು. ಮಿಗ್ದಾಲಿಯಳಿಗೆ ಅದು ಸುಳ್ಳೆನಿಸಲಿಲ್ಲ. ಮೊದಲ ಭಾನುವಾರದ ಭೇಟಿಗೆ ಅವಳು ಜೈಲಿಗೆ ಹೋದಳು, ಇಡಾಲ್ಬರ್ಟೊ ಹೊರಗೆ ಬರಲು ಒಪ್ಪಲಿಲ್ಲ. ಎರಡನೇ ಸಲ ಬಂದ. ಮಗು ಹೇಗಿದೆ ಎಂದು ಕೇಳಿದ, ಅಷ್ಟೆ. ಅವಳು ಹತ್ತು ತಿಂಗಳೂ ಹೋದಳು. ಅವನು ಬಿಡುಗಡೆಯಾದ ಮೇಲೆ ನುಬಿಯಾ ಬಂದು ಅಡುಗೆಮನೆಯಲ್ಲಿ ಕೂತು, ಅಳಲೂ ಇಲ್ಲ, ಬಯ್ಯಲೂ ಇಲ್ಲ, ಪಾತ್ರೆ ತೊಳೆದಿಟ್ಟು ಹೋದಳು.

ತಾರಸಿ ಒಂದು ವರ್ಷ ಬರಿದಾಗಿತ್ತು. ಮಿಗ್ದಾಲಿಯಳೇ ಡಬ್ಬಿಗಳನ್ನೂ ಬೋರಲು ಹಾಕಿಬಿಟ್ಟಿದ್ದಳು. ಮತ್ತೆ ಶುರುಮಾಡಿಸಿದವಳು ಒಡಾಲಿಸ್. ಒಂದು ಬೆಳಿಗ್ಗೆ ಮಗಳ ಕೈ ಹಿಡಿದುಕೊಂಡು ಬಂದು, ಅನ್ಸೆಲ್ಮೊ ತಾತ ಸಸಿ ಕೊಟ್ಟಿದ್ದಾರೆ, ನೆಡೋದು ಹೇಗೆ ಅಂತ ನಿನ್ನನ್ನೇ ಕೇಳು ಅಂದರು ಎಂದಳು. ನನ್ನನ್ನು ಕೇಳ್ತೀಯಾ ಎಂದಳು ಮಿಗ್ದಾಲಿಯ. ಇನ್ನಾರನ್ನು ಕೇಳಲಿ ಎಂದಳು ಒಡಾಲಿಸ್. ಆ ಸಲ ನೆಟ್ಟದ್ದು ಮಡಕೆಯಲ್ಲಿ. ಓಣಿಯಾಚೆಯ ಕುಂಬಾರನ ಹತ್ತಿರ ಒಡಕು ಮಡಕೆಗಳನ್ನು ಹಳೆಯ ಅಂಗಿಗೆ ಬದಲಾಯಿಸಿಕೊಂಡು ತಂದರು.

ಓಣಿಯ ಸಾರು ಮತ್ತೆ ಕಾಯಲು ಮೂರು ವರ್ಷ ಬೇಕಾಯಿತು. ತೊಂಬತ್ತಾರರಲ್ಲಿ ಜೊಯಿಲ ಮನೆಮನೆಗೆ ಹೋಗಿ ಯಾರು ಏನು ತರಬೇಕೆಂದು ಹಂಚಿದಳು. ಮಿಗ್ದಾಲಿಯಳ ಬಾಗಿಲಿಗೆ ಕೊನೆಯಲ್ಲಿ ಬಂದಳು. ಒಳಗೆ ಬರಲಿಲ್ಲ, ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ತಾರಸಿಯಿಂದ ಕಾಡುಕೊತ್ತಂಬರಿಯ ವಾಸನೆ ಇಬ್ಬರಿಗೂ ಬರುತ್ತಿತ್ತು.

"ನೀನು ಉಪ್ಪು ತಾ ಮಿಗ್ದಾ," ಎಂದಳು. "ಉಪ್ಪು ಸಾಕು."

ಮಿಗ್ದಾಲಿಯ ಉಪ್ಪು ಒಯ್ದಳು. ಜೊಯಿಲ ಅದನ್ನು ಎಲ್ಲರೆದುರು ನಾಲಿಗೆಗೆ ಹಚ್ಚಿ ನೋಡಿ ಹಂಡೆಗೆ ಹಾಕಿದಳು. ಸೊಪ್ಪಿಲ್ಲದ ಸಾರು ಸಪ್ಪೆಯಾಗಿತ್ತು. ತೆಲ್ಮೊ ನಾಲ್ಕು ತಟ್ಟೆ ಕುಡಿದ. ಮಿಗ್ದಾಲಿಯ ಯುಸಿಮಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ತಟ್ಟೆ ಕುಡಿದಳು.